ಎಣಿಕೆಗೆ ಸಿಗದ ಹಸಿರು ವೈರು

ನನಗೊಂದು ಚಟವಿದೆ. ಎಲೆಯಡಿಕೆಯದಲ್ಲ, ಬೀಡಿಯದಲ್ಲ, ಅವೆರಡನ್ನೂ ನನ್ನ ಹೆಂಡತಿ ಎಂದೋ ಬಿಡಿಸಿದ್ದಾಳೆ. ಕಬ್ಬಿಣದ ವಸ್ತು ಯಾವುದೇ ಇರಲಿ, ಮೊದಲ ಸಲ ಮುಟ್ಟುವಾಗ ನಾನು ಅಂಗೈಯಿಂದ ಮುಟ್ಟುವುದಿಲ್ಲ. ಕೈ ತಿರುಗಿಸಿ, ಬೆರಳುಗಳ ಹಿಂಭಾಗದಿಂದ ಮೆಲ್ಲಗೆ ಸವರುತ್ತೇನೆ. ಏರ್ ಕೂಲರು, ಗೇಟು, ನೀರಿನ ಮೋಟಾರು, ಕೊನೆಗೆ ಬ್ಯಾಂಕಿನ ಬಾಗಿಲ ಹಿಡಿಕೆ ಕೂಡ. ಕರೆಂಟು ಹೊಡೆದರೆ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಅಂಗೈಯಿಂದ ಹಿಡಿದವನ ಕೈ ಹಿಡಿದದ್ದನ್ನು ಬಿಡುವುದಿಲ್ಲ, ಹಿಂಗೈಯಿಂದ ಮುಟ್ಟಿದವನ ಕೈ ತಾನಾಗಿ ಕಿತ್ತುಕೊಂಡು ಬರುತ್ತದೆ. ಇದನ್ನು ಕಲಿತು ಮೂವತ್ತು ವರ್ಷವಾಯಿತು. ಈಗ ಬೇಡವೆಂದರೂ ಕೈ ನನ್ನ ಮಾತು ಕೇಳುವುದಿಲ್ಲ.

ಮೊನ್ನೆ ಗಂಗಾವತಿಯಲ್ಲಿ ಒಂದು ಮದುವೆ. ವೇದಿಕೆಯ ಪಕ್ಕದಲ್ಲಿ ಮದುಮಗಳಿಗೆ ತವರಿನವರು ಕೊಟ್ಟ ಸ್ಟೀಲಿನ ಕಪಾಟು ನಿಲ್ಲಿಸಿದ್ದರು. ಅದರ ಮೈತುಂಬ ಬಣ್ಣಬಣ್ಣದ ಲೈಟಿನ ಸರ. ನನ್ನ ಕೈ ಹೋಯಿತು. ಎರಡು ಸಲ ಸವರಿದೆ. ಮದುಮಗಳ ಚಿಗವ್ವನೋ ಯಾರೋ ನೋಡಿಬಿಟ್ಟಳು. "ತಗಡು ಎಷ್ಟು ದಪ್ಪ ಐತಿ ಅಂತ ನೋಡಾಕತ್ತೀರೇನ್ರಿ ಅಣ್ಣಾರ? ಛಲೋದ ಕೊಟ್ಟೀವಿ, ಚಿಂತಿ ಮಾಡಬ್ಯಾಡ್ರಿ" ಎಂದು ಇಡೀ ಮಂಟಪಕ್ಕೆ ಕೇಳುವಂತೆ ಅಂದಳು. ನನ್ನ ಹೆಂಡತಿ ಸೆರಗಿನ ಮರೆಯಲ್ಲಿ ರಟ್ಟೆ ಚಿವುಟಿದಳು. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಊಟಕ್ಕೆ ಕುಳಿತಾಗ ಪಕ್ಕದವನಿಗೆ ನಾನು ಕುಷ್ಟಗಿಯ ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟರ್ ಎಂದು ಗೊತ್ತಾಯಿತು. ಬಾಯಲ್ಲಿದ್ದ ಹೋಳಿಗೆಯನ್ನು ಒಂದು ಕಡೆಗೆ ಸರಿಸಿ ಅವನು ಕೇಳಿದ:

"ಪಾಯಿಂಟಿಗೆ ಎಷ್ಟ್ ತಗೋತೀರಿ?"

ಈ ಒಂದು ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ಸಕ್ಕರೆ ಕಾಯಿಲೆಗಿಂತ ಹೆಚ್ಚಾಗಿ ಈ ಪ್ರಶ್ನೆ ನನ್ನ ಆಯುಷ್ಯ ತಿಂದಿದೆ. ಡಾಕ್ಟರಿಗೆ ಯಾರೂ ಹೊಲಿಗೆಗೆ ಎಷ್ಟು ಎಂದು ಕೇಳುವುದಿಲ್ಲ, ವಕೀಲರಿಗೆ ಮಾತಿಗೆ ಎಷ್ಟು ಎಂದು ಕೇಳುವುದಿಲ್ಲ. ನಮಗೆ ಮಾತ್ರ ಪಾಯಿಂಟಿಗೆ ಎಷ್ಟು.

ನಿಮಗೆ ಪಾಯಿಂಟು ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಒಂದು ಬಲ್ಬು ಒಂದು ಪಾಯಿಂಟು. ಒಂದು ಫ್ಯಾನು ಒಂದು ಪಾಯಿಂಟು. ಮಿಕ್ಸರಿನ ಪ್ಲಗ್ಗು ಇನ್ನೊಂದು. ವೈರಿಂಗ್ ಕೂಲಿಯನ್ನು ನಮ್ಮ ಕೊಪ್ಪಳ ಜಿಲ್ಲೆಯಲ್ಲೆಲ್ಲ ಹೀಗೆಯೇ ಎಣಿಸುವುದು. ಕೆಲಸ ಮುಗಿದ ಮೇಲೆ ಮನೆಯ ಯಜಮಾನನೂ ನಾವೂ ಕೋಣೆಯಿಂದ ಕೋಣೆಗೆ ತಿರುಗಿ, ಗೋಡೆಗೆ ಬೆರಳು ತೋರಿಸಿ, ಗಟ್ಟಿಯಾಗಿ ಎಣಿಸುತ್ತೇವೆ. ಆ ದಿನ ಎಂಥ ಸಜ್ಜನನೂ ದುಷ್ಟನಾಗುತ್ತಾನೆ. ಮೆಟ್ಟಿಲಿನ ಬಲ್ಬಿಗೆ ಕೆಳಗೊಂದು ಮೇಲೊಂದು ಸ್ವಿಚ್ಚು ಕೂರಿಸಿ, ಎರಡರಷ್ಟು ವೈರು ಎಳೆದಿರುತ್ತೇವೆ. "ಬಲ್ಬ್ ಒಂದ ಐತಲ್ಲ, ಎರಡು ಹೆಂಗ ಎಣಸ್ತಿ?" ಎನ್ನುತ್ತಾರೆ. ಕೊಪ್ಪಳದಲ್ಲಿ ಒಬ್ಬ ದೊಡ್ಡ ಮನುಷ್ಯರು ದೇವರ ಕೋಣೆಯ ಮುಂದೆ ನಿಂತು ಕೈ ಮುಗಿದು, "ಇದನ್ನ ಎಣಸಬ್ಯಾಡ, ದೇವರ ಕೂಡ ರೊಕ್ಕ ತಗೊಂತಿಯೇನು?" ಎಂದರು. ಆ ದೇವರ ಕೋಣೆಗೆ ಗ್ರಾನೈಟ್ ಹಾಕಿದವನು ಅಡಿ ಲೆಕ್ಕದಲ್ಲಿ ಪೂರ್ತಿ ದುಡ್ಡು ಎಣಿಸಿಕೊಂಡು ಹೋಗಿದ್ದ.

ಈ ಎಣಿಕೆಯಲ್ಲಿ ಯಾವತ್ತೂ ಸಿಗದ ಒಂದು ವಸ್ತುವಿದೆ. ಅದು ಹಸಿರು ವೈರು. ಅರ್ಥಿಂಗಿನ ವೈರು ಎನ್ನುತ್ತೇವೆ. ಪ್ಲಗ್ಗಿನ ಮೂರು ತೂತುಗಳಲ್ಲಿ ಮೇಲಿನ ದೊಡ್ಡ ತೂತು ಅದರದು. ಅಲ್ಲಿಂದ ಹೊರಟು ಗೋಡೆಯೊಳಗೇ ಹಾದು, ಮನೆಯ ಹೊರಗೆ ತೋಡಿದ ಗುಂಡಿಯೊಳಗೆ ಇಳಿಯುತ್ತದೆ. ಅದರಿಂದ ಬಲ್ಬು ಹತ್ತುವುದಿಲ್ಲ, ಫ್ಯಾನು ತಿರುಗುವುದಿಲ್ಲ. ಮಿಕ್ಸರಿನದೋ ನೀರು ಕಾಯಿಸುವ ಹೀಟರಿನದೋ ಒಳಗಿನ ವೈರು ಹರಿದು ಕರೆಂಟು ಅದರ ಮೈಗೆಲ್ಲ ಹರಡಿದಾಗ, ಆ ಕರೆಂಟನ್ನು ಭೂಮಿಗೆ ಇಳಿಸುವುದೊಂದೇ ಅದರ ಕೆಲಸ. ಬಹಳ ಮನೆಗಳಲ್ಲಿ ಅದು ಇಪ್ಪತ್ತು ವರ್ಷ ಏನೂ ಕೆಲಸ ಮಾಡದೆ ಸುಮ್ಮನೆ ಮಲಗಿರುತ್ತದೆ. ಹಾಗಾಗಿ ಅದಕ್ಕೆ ದುಡ್ಡು ಕೊಡಲು ಯಾರಿಗೂ ಮನಸ್ಸಿಲ್ಲ. ಗೇಟಿನ ಮೇಲೆ ಸಿಮೆಂಟಿನ ಎರಡು ಸಿಂಹ ಕೂರಿಸುವುದಕ್ಕೆ ಮನಸ್ಸಿದೆ. ವಾಸ್ತು ನೋಡುವವನನ್ನು ಕಾರು ಮಾಡಿ ಕರೆಸಿ, ಅವನು ಅಡುಗೆಮನೆ ಸರಿಯಿಲ್ಲ ಎಂದರೆ ಗೋಡೆಯನ್ನೇ ಕೆಡವಿ ಕಟ್ಟುವುದಕ್ಕೆ ಮನಸ್ಸಿದೆ. ಅವನಿಗೆ ಪಾಯಿಂಟಿಗೆ ಎಷ್ಟು ಎಂದು ಕೇಳಿದವರನ್ನು ನಾನಂತೂ ನೋಡಿಲ್ಲ.

ನಾನು ಈ ಕಸುಬಿಗೆ ಬಂದದ್ದೇ ಮರ್ಯಾದೆಯ ಆಸೆಯಿಂದ. ಇದನ್ನು ಹೇಳಿದರೆ ನನ್ನ ಹೆಂಡತಿ ಬಿದ್ದು ಬಿದ್ದು ನಗುತ್ತಾಳೆ. ನಮ್ಮಪ್ಪ ಗಂಗಾವತಿಯ ಅಕ್ಕಿ ಮಿಲ್ಲೊಂದರಲ್ಲಿ ಹಮಾಲ. ಮಿಲ್ಲಿನ ಹಿಂದಿನ ಸಾಲು ಮನೆಯಲ್ಲಿ ನಾನು, ನಮ್ಮಕ್ಕ ಹುಲಿಗೆಮ್ಮ ಬೆಳೆದೆವು. ತೌಡಿನ ಧೂಳು ಅನ್ನದ ಮೇಲೂ ಕೂರುತ್ತಿತ್ತು, ಹಾಸಿಗೆಯ ಮೇಲೂ ಕೂರುತ್ತಿತ್ತು. ಮಿಲ್ಲಿನ ಸದ್ದು ನಮಗೆ ಎಷ್ಟು ರೂಢಿಯಾಗಿತ್ತೆಂದರೆ, ಅದು ನಿಂತರೆ ಮಲಗಿದ್ದವರು ಎದ್ದು ಕೂರುತ್ತಿದ್ದರು. ಒಮ್ಮೆ ಸುಗ್ಗಿಯ ದಿನಗಳಲ್ಲಿ ನಡುಮಧ್ಯಾಹ್ನ ಮೋಟಾರು ನಿಂತಿತು. ಹೊರಗೆ ಭತ್ತದ ಲಾರಿಗಳು ಸಾಲುಗಟ್ಟಿದ್ದವು. ಮಾಲೀಕ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ.

ಆಗ ಸೈಕಲ್ಲಿನ ಮೇಲೆ ಬಂದವರು ಕರೆಂಟಿನ ಕೆಲಸದ ಖಾಜಾ ಸಾಹೇಬರು. ಬಿಳಿ ಗಡ್ಡ, ಜೇಬಿನಲ್ಲಿ ಟೆಸ್ಟರ್. ನಮ್ಮಪ್ಪನನ್ನು "ಲೇ" ಎಂದು ಕರೆಯುತ್ತಿದ್ದ ಆ ಮಾಲೀಕ ಎದ್ದು ನಿಂತ. ತಾನು ಕುಳಿತಿದ್ದ ಕುರ್ಚಿಯನ್ನೇ ಟವೆಲ್ಲಿನಿಂದ ಒರೆಸಿ, "ಬರ್ರಿ ಸಾಹೇಬ್ರ, ಕುಂದರ್ರಿ" ಎಂದ. ಸಾಹೇಬರು ಕುಳಿತರು. ಚಹಾ ಬಂತು. ಬಸಿಯಲ್ಲಿ ಸುರುವಿಕೊಂಡು ಆರಿಸಿ ಆರಿಸಿ ಕುಡಿದರು. ಅವರು ಚಹಾ ಮುಗಿಸುವವರೆಗೆ ಮಿಲ್ಲು, ಲಾರಿಗಳು, ಮಾಲೀಕ ಎಲ್ಲರೂ ಕಾದರು. ನಾನು ಭತ್ತದ ಚೀಲದ ಮೇಲೆ ಕುಳಿತು ನೋಡುತ್ತಿದ್ದೆ, ಮಾಡಿದರೆ ಇಂಥ ಕೆಲಸವನ್ನೇ ಮಾಡಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಮೂವತ್ತು ವರ್ಷದ ಸರ್ವಿಸಿನಲ್ಲಿ ನನಗೆ ಯಾರೂ ಕುರ್ಚಿ ಕೊಡಲಿಲ್ಲ. ಸ್ಟೂಲು ಕೊಟ್ಟಿದ್ದಾರೆ, ಅದೂ ಹತ್ತಿ ನಿಲ್ಲುವುದಕ್ಕೆ.

ಕಲಿಯುವುದೇನು ಸುಮ್ಮನೆ ಆಯಿತೇ? ಈಗ ಮೊಬೈಲಿನಲ್ಲಿ ಎರಡು ವಿಡಿಯೋ ನೋಡಿ ಬೆಳಿಗ್ಗೆ ಇಕ್ಕಳ ಹಿಡಿದು ಹೊರಡುವವರಿದ್ದಾರೆ. ನಾನು ಕೊಪ್ಪಳದ ಐ.ಟಿ.ಐ.ಯಲ್ಲಿ ಎರಡು ವರ್ಷ ಮಣ್ಣು ಹೊತ್ತವನು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು. ಗಂಗಾವತಿಯಿಂದ ಬಸ್ಸು. ಅದು ವಾರಕ್ಕೊಮ್ಮೆಯಾದರೂ ಹೇಮಗುಡ್ಡದ ಹತ್ತಿರ ಕೆಟ್ಟು ನಿಲ್ಲುತ್ತಿತ್ತು. ನಾವು ಇಳಿದು ದುರ್ಗಮ್ಮನಿಗೆ ಅಲ್ಲಿಂದಲೇ ಕೈ ಮುಗಿದು ಬಸ್ಸು ನೂಕುತ್ತಿದ್ದೆವು. ಮೊದಲ ಆರು ತಿಂಗಳು ಕರೆಂಟಿನ ಮುಖವನ್ನೇ ತೋರಿಸಲಿಲ್ಲ. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಚೌಕ ಮಾಡುವುದು, ತಾಮ್ರದ ತಂತಿಗಳನ್ನು ಹೆಣೆದು ಜೋಡಿಸುವುದು. ನನ್ನ ಚೌಕ ಯಾವತ್ತೂ ಚೌಕವಾಗಲಿಲ್ಲ. ನಮ್ಮ ಬಸವರಾಜ ಸರ್ ಅದನ್ನು ಬೆಳಕಿಗೆ ಹಿಡಿದು, "ಇದೇನೋ ಯಮನೂರಪ್ಪ, ಜ್ವಾಳದ ರೊಟ್ಟಿ ಬಡದಿ ಏನು?" ಎನ್ನುತ್ತಿದ್ದರು.

ಎರಡನೆಯ ವರ್ಷದ ಮೊದಲ ವಾರವೇ ಸರ್ ನಮ್ಮ ಕೈಗೆ ಗುದ್ದಲಿ ಕೊಟ್ಟರು. ಅರ್ಥಿಂಗಿನ ಗುಂಡಿ ತೋಡಬೇಕು, ಆಳು ಮುಳುಗುವಷ್ಟು ಆಳ. ಕೊಪ್ಪಳದ ನೆಲ ನಿಮಗೆ ಗೊತ್ತು, ಅರ್ಧ ಮೊಳ ಹೋದರೆ ಕಲ್ಲು. ಮೂರು ದಿನ ತೋಡಿ ಅಂಗೈಯೆಲ್ಲ ಬೊಬ್ಬೆ ಎದ್ದವು. ಕರೆಂಟು ಕಲಿಯಲು ಬಂದವರು ಬಾವಿ ತೋಡುತ್ತಿದ್ದೇವೆ ಎಂದು ಗೊಣಗಿದೆವು. ಪೈಪು ಇಳಿಸಿ, ಅದರ ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಉಪ್ಪು ಹಾಕುತ್ತ ತುಂಬಿಸಿದರು ಸರ್, ಮೇಲಿಂದ ನೀರು ಹೊಯ್ಯಿಸಿದರು. ಆಮೇಲೆ ಗುಂಡಿಯ ಅಂಚಿನಲ್ಲಿ ನಿಂತು ಹೇಳಿದರು: "ನೋಡ್ರಪಾ, ಕರೆಂಟಿಗೆ ಹಾದಿ ಬೇಕು. ನೀವು ಹಾದಿ ಮಾಡಿ ಕೊಡಲಿಲ್ಲಂದ್ರ ಅದು ಮನುಷ್ಯಾರ ಮೈಯಾಗಿಂದ ಹಾದಿ ಮಾಡ್ಕೊಂಡು ಹೊಕ್ಕೈತಿ. ಅಷ್ಟ. ಇದರ ಮ್ಯಾಲ ನಾ ಕಲಿಸೂದು ಏನೂ ಇಲ್ಲ." ಅವರು ಅದಾದ ಮೇಲೂ ಒಂದು ವರ್ಷ ಕಲಿಸಿದರು, ಅದು ಬೇರೆ ಮಾತು.

ಆಮೇಲೆ ಒಂದು ವರ್ಷ ಅಪ್ರೆಂಟಿಸು. ಆಮೇಲೆ ವೈರ್‌ಮನ್ ಪರೀಕ್ಷೆ. ಬರೆಯುವುದರಲ್ಲಿ ಪಾಸಾದೆ, ಬಾಯಿಪರೀಕ್ಷೆಯಲ್ಲಿ ಬಿದ್ದೆ. "ಒಬ್ಬಗ ಶಾಕ್ ಹೊಡದು ವೈರಿಗೆ ಅಂಟಿಕೊಂಡಾನ. ಮೊದಲು ಏನ್ ಮಾಡ್ತಿ?" ಎಂದು ಕೇಳಿದರು. ನಾನು ಎದೆ ಉಬ್ಬಿಸಿ, "ಕೈ ಹಿಡದು ಎಳಕೊಂತೀನ್ರಿ ಸರ್" ಎಂದೆ. ಪರೀಕ್ಷಕರು ಪೆನ್ನು ಕೆಳಗಿಟ್ಟು, "ಹಂಗಾರ ಎರಡು ಹೆಣ ಆದವು. ಮುಂದಿನ ಸಲ ಬಾ" ಎಂದರು. ಮೊದಲು ಮೇನ್ ಸ್ವಿಚ್ಚು ಆರಿಸಬೇಕು ಎಂಬುದು ಹಾಲು ಮಾರುವವನಿಗೂ ಗೊತ್ತು, ನನಗೆ ಆ ಕ್ಷಣ ಮರೆತಿತ್ತು. ಮುಂದಿನ ಸಲ ಪಾಸಾದೆ. ಇನ್ನಷ್ಟು ವರ್ಷ ದುಡಿದ ಮೇಲೆ ಸೂಪರ್‌ವೈಸರ್ ಪರ್ಮಿಟ್, ಅದಕ್ಕೊಂದು ಪರೀಕ್ಷೆ. ಕಡೆಗೆ ಕಾಂಟ್ರ್ಯಾಕ್ಟರ್ ಲೈಸೆನ್ಸು. ಅದಕ್ಕೆ ಪರೀಕ್ಷೆ ಮಾಡುವ ಮೀಟರುಗಳನ್ನು ಸ್ವಂತಕ್ಕೆ ಕೊಂಡು ತೋರಿಸಬೇಕು. ಹೆಂಡತಿಯ ಬೆಂಡೋಲೆ ಅದಕ್ಕೇ ಹೋಯಿತು. ಲೈಸೆನ್ಸು ಕೈಗೆ ಬಂದ ದಿನ ಹುಲಿಗಿಯ ಗುಡಿಗೆ ಹೋಗಿ ದೇವಿಯ ಮುಂದಿಟ್ಟು, ಕುಂಕುಮ ಹಚ್ಚಿಸಿಕೊಂಡು ಬಂದೆ. ಇಷ್ಟೆಲ್ಲ ಆದವನಿಗೆ ಮದುವೆ ಊಟದಲ್ಲಿ ಹೋಳಿಗೆ ಜಗಿಯುತ್ತ ಪಾಯಿಂಟಿಗೆ ಎಷ್ಟು ಎಂದು ಕೇಳಿದರೆ ಹೇಗಾಗಬೇಡ!

ಹೊರಗಿನವರ ಮಾತು ಬಿಡಿ. ಹೋದ ವರ್ಷ ನಮ್ಮಕ್ಕ ಯಲಬುರ್ಗಾದಲ್ಲಿ ಮನೆ ಕಟ್ಟಿಸತೊಡಗಿದಳು. ಅವಳ ಗಂಡ ದೇವಪ್ಪ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದು ನಿವೃತ್ತರಾದವರು. ನಾನು ಅವರನ್ನು ಮಾಮಾ ಎಂದು ಕರೆಯುತ್ತೇನೆ. ವೈರಿಂಗಿಗೆ ಎಷ್ಟಾಗುತ್ತದೆ ಎಂದು ಮಾಮಾ ಕೇಳಿದರು. ಕೂಲಿ ಬೇಡ, ಸಾಮಾನಿನ ದುಡ್ಡು ಇಷ್ಟು, ಅದರಲ್ಲಿ ಅರ್ಥಿಂಗಿಗೆ ಇಷ್ಟು ಎಂದು ಚೀಟಿ ಬರೆದು ಕೊಟ್ಟೆ. ವಾರ ಬಿಟ್ಟು ಫೋನು ಮಾಡಿ, "ಯಮನೂರಪ್ಪ, ಬ್ಯಾಸರ ಮಾಡ್ಕೊಬ್ಯಾಡ. ಒಬ್ಬಾಂವ ಸಿಕ್ಕಾನ, ಸಾಮಾನು ಕೂಲಿ ಎರಡೂ ಸೇರಿ ನಿನ್ನ ಚೀಟಿಗಿಂತ ಕಡಿಮಿಗೆ ಮಾಡ್ತಾನ. ಸಂಬಂಧಿಕರ ಜೊತಿ ರೇಟು ಮಾತಾಡಾಕ ನನಗ ಬಾಯಿ ಬರಂಗಿಲ್ಲ" ಎಂದರು. ಬಾಯಿ ಬರುವುದಿಲ್ಲವಂತೆ! ತರಕಾರಿ ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಅರ್ಧ ಗಂಟೆ ಮಾತಾಡುವ ಮನುಷ್ಯ. ನಾನು ಫೋನು ಇಟ್ಟು, ಆ ಮನೆಯ ಕಡೆ ಮುಖ ಹಾಕುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಇಟ್ಟೆ.

ವಾಸ್ತುಶಾಂತಿಗೆ ಮೂರು ವಾರ ಇರುವಾಗ ಮಾಮಾ ಖುದ್ದು ಕುಷ್ಟಗಿಗೆ ಬಂದರು. ಕೈಯಲ್ಲಿ ಒಂದು ಕಿಲೋ ಮಿಠಾಯಿ, ಬಗಲಲ್ಲಿ ಒಂದು ಫೈಲು. ಹೊಸ ಮನೆಗೆ ಮೀಟರು ಬರಬೇಕೆಂದರೆ, ಈ ಮನೆಯ ವೈರಿಂಗನ್ನು ನಾನು ಪರೀಕ್ಷೆ ಮಾಡಿದ್ದೇನೆ, ಅರ್ಥಿಂಗ್ ಸರಿ ಇದೆ ಎಂದು ಲೈಸೆನ್ಸ್ ಇದ್ದವನು ಸಹಿ ಮಾಡಿದ ಕಾಗದ ಕೊಡಬೇಕು. ಕಾಗದ ಪೂರ್ತಿ ತುಂಬಿ ತಂದಿದ್ದರು. "ಇಲ್ಲೊಂದು ಸಹಿ ಹಾಕಿಬಿಡು" ಎಂದು ಬೆರಳು ಇಟ್ಟು ತೋರಿಸಿದರು. ನೋಡದೆ ಹಾಕುವುದಿಲ್ಲ ಎಂದೆ. ಮರುದಿನ ಆಣೆ ಮುರಿದು ಯಲಬುರ್ಗಾಕ್ಕೆ ಹೋದೆ.

ಮನೆ ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಹಾಲಿನ ಛಾವಣಿಗೆ ಹೂವಿನ ಡಿಸೈನು, ಗೋಡೆಗೆ ಹೊಸ ಬಣ್ಣದ ವಾಸನೆ. ಅಡುಗೆಮನೆಯ ಪ್ಲಗ್ಗು ಬಿಚ್ಚಿದೆ. ಎರಡೇ ವೈರು. ಬಚ್ಚಲಿನದನ್ನು ಬಿಚ್ಚಿದೆ, ಅಲ್ಲೂ ಎರಡೇ. ಮನೆಯ ಹೊರಗೆ ಒಂದು ಸುತ್ತು ಬಂದೆ. ಗುಂಡಿಯೂ ಇಲ್ಲ, ಪೈಪೂ ಇಲ್ಲ.

"ಮಾಮಾ, ಅರ್ಥಿಂಗ್ ಎಲ್ಲೈತ್ರಿ?"

"ಅದನ್ನ ನಾನ ಬ್ಯಾಡಂದೆ. ಹಸಿರು ವೈರಿಗೆ ಬ್ಯಾರೆ ರೊಕ್ಕ ಕೇಳಿದ. ಅದರಿಂದ ಏನ್ ಹತ್ತತೈತಿ ಅಂತ ಕೇಳಿದೆ. ಏನೂ ಹತ್ತಂಗಿಲ್ಲ ಅಂದ. ಏನೂ ಹತ್ತಲಾರದ ವೈರು ಯಾಕ ಬೇಕಪಾ ಮನಿಗೆ?"

ನಾನು ಕೂಗಾಡಿದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಸಿಂಹಕ್ಕೆ ದುಡ್ಡಿದೆ, ಛಾವಣಿಯ ಹೂವಿಗೆ ದುಡ್ಡಿದೆ, ಹೆಂಡತಿಯ ಜೀವಕ್ಕೆ ದುಡ್ಡಿಲ್ಲವೇ ಎಂದದ್ದು ನೆನಪಿದೆ. ಅವರ ಮನೆಗೆ ಸಿಂಹವೇ ಇರಲಿಲ್ಲ, ಅದು ಇನ್ಯಾರದೋ ಮೇಲಿನ ಸಿಟ್ಟು. ಫೈಲನ್ನು ಮೇಜಿನ ಮೇಲೆ ಬಿಸಾಕಿ, "ನನ್ನ ಸಹಿ ಈ ಮನಿಗೆ ಬೀಳಂಗಿಲ್ಲ" ಎಂದೆ. ಮಾಮಾ ತಣ್ಣಗೆ, "ನೀ ಅಲ್ದಿದ್ರ ಇನ್ನೊಬ್ಬಾಂವ ಹಾಕ್ತಾನ, ರೊಕ್ಕ ಬಿಸಾಕಿದ್ರ ಸಹಿಗೇನು ಬರ ಐತೇನು?" ಎಂದರು. ಅಷ್ಟರಲ್ಲಿ ಅಕ್ಕ ಒಳಗಿಂದ ಬಂದಳು. ಕೈ ಒರೆಸಿಕೊಳ್ಳುತ್ತ ನನ್ನ ಎದುರಿಗೆ ನಿಂತಳು.

"ಯಮನೂರಾ, ಒಂದು ಮಾತು ಕೇಳ್ತೀನಿ, ಖರೇ ಹೇಳು. ನೀ ಸಹಿ ಹಾಕೂ ಮನಿ ಎಲ್ಲಾ ಹೋಗಿ ನೋಡೀಯೇನು?"

ಓದುವವರೇ, ಇಲ್ಲಿಯವರೆಗೆ ನಿಮ್ಮಿಂದ ಒಂದು ಸಂಗತಿ ಬಚ್ಚಿಟ್ಟಿದ್ದೇನೆ. ಈ ಹತ್ತು ವರ್ಷದಲ್ಲಿ ನನ್ನ ಸಂಸಾರ ನಡೆದದ್ದು ಪಾಯಿಂಟಿನಿಂದಲ್ಲ, ಸಹಿಯಿಂದ. ಲೈಸೆನ್ಸ್ ಇಲ್ಲದವರು ಅರ್ಧ ರೇಟಿಗೆ ವೈರಿಂಗ್ ಮಾಡುತ್ತಾರೆ, ಕಾಗದ ತುಂಬಿ ನನ್ನ ಅಂಗಡಿಗೆ ತರುತ್ತಾರೆ. ನಾನು ಸಹಿ ಹಾಕಿ ಸೀಲು ಒತ್ತುತ್ತೇನೆ. ಒಂದು ಸಹಿಗೆ ಒಂದೂವರೆ ಸಾವಿರ. ಏಣಿ ಹತ್ತುವುದಿಲ್ಲ, ಗೋಡೆ ಕೊರೆಯುವುದಿಲ್ಲ, ಪಾಯಿಂಟು ಎಣಿಸುವ ಜಗಳವಿಲ್ಲ. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕುಳಿತೇ ಕೆಲಸ, ಕುರ್ಚಿಯಂತೂ ಸಿಕ್ಕಿತ್ತು. ಮೊದಲನೆಯದು ಗೆಳೆಯನೊಬ್ಬನಿಗೆಂದು ಹಾಕಿದೆ, ಅವತ್ತು ರಾತ್ರಿ ಊಟ ಸೇರಲಿಲ್ಲ. ಎರಡನೆಯದಕ್ಕೆ ಊಟ ಸೇರಿತು. ಆಮೇಲೆ ಎಣಿಸುವುದನ್ನೇ ಬಿಟ್ಟೆ. ಅಗ್ಗದ ಕೆಲಸದವರನ್ನು, ಚೌಕಾಸಿ ಮಾಡುವ ಮಾಲೀಕರನ್ನು ಊರೆಲ್ಲ ಬೈಯುತ್ತ ತಿರುಗುತ್ತಿದ್ದ ನಾನೇ ಅವರೆಲ್ಲರಿಗೂ ಬಾಗಿಲು ತೆರೆದಿಟ್ಟಿದ್ದೆ. ನನ್ನ ಸಹಿ ಇಲ್ಲದಿದ್ದರೆ ಆ ಅರ್ಧ ರೇಟಿನ ವೈರಿಂಗಿಗೆ ಮೀಟರೇ ಬರುತ್ತಿರಲಿಲ್ಲ.

"ಇಲ್ಲ" ಎಂದೆ.

"ಅವರ ಮನ್ಯಾಗ ಹಸಿರು ವೈರು ಐತೇನು?"

"ಗೊತ್ತಿಲ್ಲ."

"ಹಂಗಾರ ನನ್ನ ಮನಿಗೆ ಹಾಕಾಕ ನಿನಗೇನು ಧಾಡಿ?"

"ಯಕ್ಕಾ, ನೀ ಹುಚ್ಚಿಯಂಗ ಕೇಳಬ್ಯಾಡ. ನಾಳೆ ನಿನಗ ಏನರ ಆದ್ರ?"

"ಅವರಿಗೆ ಆದ್ರ?"

"ಇಲ್ಲೀತನಕ ಯಾರಿಗೂ ಏನೂ ಆಗಿಲ್ಲ."

"ನಿನಗ ಹೆಂಗ ಗೊತ್ತು?" ಎಂದಳು ಅಕ್ಕ. "ಹೋಗಿ ಕೇಳಿಯೇನು?"

ಅಕ್ಕ ಓದಿದ್ದು ನಾಲ್ಕನೆಯ ಇಯತ್ತೆ. ನನ್ನ ಐ.ಟಿ.ಐ., ಪರ್ಮಿಟ್ಟು, ಲೈಸೆನ್ಸು ಎಲ್ಲವೂ ಅವಳ ಮುಂದೆ ಬಾಯಿ ಮುಚ್ಚಿ ನಿಂತವು. ನನಗೆ ಅವಳ ಮೇಲೂ ಸಿಟ್ಟು ಬಂತು. ಸರಿಯಾದ ಮಾತು ಹೇಳಿದವರ ಮೇಲೆ ಬರುವ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳಲಿಕ್ಕಾಗುವುದಿಲ್ಲ.

ಗೋಡೆಯ ಕಡೆ ಕೈ ತೋರಿಸಿ ಅಕ್ಕನೇ ಹೇಳಿದಳು: "ಗೋಡಿ ಒಡಿ."

"ಏನಂದಿ? ಬಣ್ಣ ಈಗ ಹಚ್ಚೈತಿ!" ಎಂದು ಮಾಮಾ ಹೌಹಾರಿದರು.

"ಬಣ್ಣ ಮತ್ತ ಹಚ್ಚಾಕ ಬರ್ತೈತ್ರಿ" ಎಂದು ಅವರಿಗೆ ಹೇಳಿ, ನನ್ನ ಕಡೆ ತಿರುಗಿದಳು. "ಆದ್ರ ಒಂದು ಕರಾರು. ನನ್ನ ಮನಿ ಆದಮ್ಯಾಲ ಅವರ ಮನಿಗೊಳಿಗೆ ಹೋಗಿ ನೋಡಬೇಕು. ಅದು ಆಗಂಗಿಲ್ಲಂದ್ರ ನನ್ನ ಮನಿ ಗೋಡಿನೂ ಮುಟ್ಟಬ್ಯಾಡ."

ಆರು ದಿನ ಕೆಲಸ ಮಾಡಿದೆ. ಅರ್ಧ ರೇಟಿನವನು ಸಣ್ಣ ಪೈಪಿನಲ್ಲಿ ವೈರು ತುರುಕಿದ್ದ, ಹಸಿರು ವೈರು ಎಳೆಯಲು ಜಾಗವೇ ಇರಲಿಲ್ಲ. ಒಂಬತ್ತು ಕಡೆ ಗೋಡೆ ಕೊರೆದೆ. ಮಾಮಾ ಪ್ರತಿ ಏಟಿಗೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಹಿತ್ತಿಲಲ್ಲಿ ಗುಂಡಿ ತೋಡಿದೆ. ಐವತ್ತು ದಾಟಿದ ಸೊಂಟ ಎರಡನೆಯ ದಿನವೇ ಕೈಕೊಟ್ಟಿತು, ಉಳಿದದ್ದನ್ನು ಮಾಮಾ ಪಂಚೆ ಕಟ್ಟಿಕೊಂಡು ತಾವೇ ಇಳಿದು ತೋಡಿದರು. ಬೆವರು ಒರೆಸಿಕೊಂಡು, "ಇದಕ್ಕ ಎಷ್ಟು ಪಾಯಿಂಟ್ ಹಿಡಿತಿ?" ಎಂದು ಕೇಳಿದರು. ಚೇಷ್ಟೆಗೆ ಕೇಳಿದರೋ ನಿಜವಾಗಿ ಕೇಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಇದ್ದಿಲು ನಾನು ಹಾಕಿದೆ, ಉಪ್ಪು ಅಕ್ಕ ಸುರುವಿದಳು. ಮೀಟರು ಇಟ್ಟು ಪ್ರತಿ ಪ್ಲಗ್ಗನ್ನೂ ಪರೀಕ್ಷಿಸಿ, ಆ ಕಾಗದಕ್ಕೆ ಸಹಿ ಹಾಕಿದೆ. ವಾಸ್ತುಶಾಂತಿ ಚೆನ್ನಾಗಿ ಆಯಿತು. ಊಟಕ್ಕೆ ಬಡಿಸುವಾಗ ಅಕ್ಕ ನನ್ನ ಎಲೆಗೆ ತುಪ್ಪ ಹಾಕುತ್ತ, "ಯಾವತ್ತಿಂದ ಹೊಂಟಿ?" ಎಂದು ಮೆಲ್ಲಗೆ ಕೇಳಿದಳು.

ನಾನು ಎರಡು ತಿಂಗಳು ನೆಪ ಹೇಳಿದೆ. ಸೊಂಟ, ಮಳೆ, ಮದುವೆಯ ಸೀಜನ್ನು. ಗಂಗಾವತಿಯ ಆ ಊಟದಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಹೆಂಡತಿಯ ಮುಂದೆ ಆ ಹೋಳಿಗೆಯವನನ್ನು ಬೈಯುತ್ತಿದ್ದೆ. ಅವಳು ಕಿಟಕಿಯ ಕಡೆ ನೋಡುತ್ತ, "ಅವ ಕೇಳಿದ್ದಕ್ಕ ಇಷ್ಟು ಸಿಟ್ಟು ಮಾಡ್ತೀರಿ. ನಿಮ್ಮಕ್ಕ ಕೇಳಿದ್ದಕ್ಕ ಇನ್ನೂ ಉತ್ತರ ಕೊಟ್ಟಿಲ್ಲ" ಎಂದಳು. ಮರುದಿನ ಬೆಳಿಗ್ಗೆ ಅಂಗಡಿಯ ಕಪಾಟಿನಿಂದ ಹಳೆಯ ಕಾಗದಗಳ ನಕಲು ತೆಗೆದೆ. ಕಟ್ಟಿನ ಮೇಲೆ ಸಿಕ್ಕಿದ ಮೊದಲ ವಿಳಾಸ ಕುಷ್ಟಗಿಯದೇ, ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ.

ಬಾಗಿಲು ತೆರೆದವರು ಅಂಗನವಾಡಿಯಲ್ಲಿ ಕೆಲಸ ಮಾಡುವ ಶಾಂತಮ್ಮ ಎಂಬ ಹೆಂಗಸು, ಹೆಚ್ಚುಕಡಿಮೆ ನಮ್ಮಕ್ಕನ ವಯಸ್ಸು. ನಾನು ಯಾರೆಂದು ಹೇಳುವ ಧೈರ್ಯವಾಗಲಿಲ್ಲ. ವೈರಿಂಗ್ ನೋಡಿ ಹೋಗಲು ಬಂದಿದ್ದೇನೆ, ದುಡ್ಡು ಬೇಡ ಎಂದೆ. "ರೊಕ್ಕ ಇಲ್ದ ಯಾರು ನೋಡ್ತಾರ್ರಿ ಈಗಿನ ಕಾಲದಾಗ?" ಎಂದು ಒಂದು ಗಳಿಗೆ ಅನುಮಾನದಿಂದ ನೋಡಿ, ಆಮೇಲೆ ಒಳಗೆ ಕರೆದರು. ನಾನು ಚಪ್ಪಲಿ ಹೊಸ್ತಿಲ ಹೊರಗೆ ಬಿಟ್ಟೆ. ಎರಡು ಕೋಣೆಯ ಚೊಕ್ಕ ಮನೆ, ನೆಲ ಒರೆಸಿ ಇನ್ನೂ ಆರಿರಲಿಲ್ಲ. ಅಡುಗೆಮನೆಯಲ್ಲಿ ಒಂದು ಫ್ರಿಜ್ಜು. ಅದರ ಮುಂದೆ ಒಂದು ಜೋಡಿ ರಬ್ಬರಿನ ಚಪ್ಪಲಿ, ನೀಟಾಗಿ ಜೋಡಿಸಿಟ್ಟಿತ್ತು.

"ಚಪ್ಪಲಿ ಒಳಗ ಯಾಕ್ರೀ?" ಎಂದೆ.

"ಅವು ಫ್ರಿಜ್ಜಿನವು ರೀ. ಬರಿಗಾಲಾಗ ಬಾಗಲಾ ಹಿಡದ್ರ ಚುರ್ ಅಂತೈತಿ, ಮೊಳಕೈತನಕ ಜುಮ್ ಅಂತೈತಿ. ಅದಕ್ಕ ಮೆಟ್ಟಿಕೊಂಡು ತೆಗಿತೀವಿ. ಬಂದವರಿಗೂ ಹೇಳ್ತೀವಿ."

"ಎಷ್ಟು ದಿನದಿಂದ್ರಿ?"

"ಮೂರು ವರ್ಷ ಆತ್ರಿ. ಫ್ರಿಜ್ ತಂದಾಗಿಂದ ಹಂಗ."

"ಅಂಜಿಕಿ ಆಗಂಗಿಲ್ಲೇನ್ರಿ ನಿಮಗ?"

"ಯಾಕ್ರೀ ಅಂಜಿಕಿ?" ಆಕೆ ನಕ್ಕರು. "ಏನರ ಕೆಟ್ಟದ್ದು ಇದ್ದಿದ್ರ ಅವರು ಅವಾಗ ಹೇಳ್ತಿದ್ರು. ಲೈಸೆನ್ಸ್ ಇದ್ದವರು ನೋಡಿ ಪಾಸ್ ಮಾಡ್ಯಾರ. ಕಾಗದ ಐತಿ, ತೋರಿಸ್ತೀನಿ ತಡೀರಿ."

ದೇವರ ಜಗಲಿಯ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದರು. ಮನೆಯ ಪತ್ರ, ಗಂಡನ ಮರಣ ಪ್ರಮಾಣಪತ್ರ, ಅವೆರಡರ ನಡುವೆ ಮಡಿಕೆ ಮಾಡಿಟ್ಟ ಆ ಕಾಗದ. ಅರ್ಥಿಂಗ್ ಸರಿ ಇದೆ. ಕೆಳಗೆ ಸೀಲು. ನನ್ನ ಸಹಿ. ಅವಸರದಲ್ಲಿ ಹಾಕಿದ್ದು, ಕೊನೆಯ ಅಕ್ಷರ ಸರಿಯಾಗಿ ಮೂಡಿಯೂ ಇರಲಿಲ್ಲ.

"ಇದು ನನ್ನ ಸಹಿ ರೀ" ಎಂದೆ.

ಆಕೆಯ ಮುಖ ಅರಳಿತು. "ಹೌದೇನ್ರಿ? ನೀವ ಏನ್ರಿ ಅವರು? ನಮ್ಮ ಮನಿಯವರು ಇದ್ದಾಗ ಮಾಡಿಸಿದ್ದು, ನಿಮ್ಮನ್ನ ನೋಡೇ ಇದ್ದಿಲ್ಲ ನೋಡ್ರಿ ನಾ. ಮೂರು ವರ್ಷ ಆದಮ್ಯಾಲೂ ನೆನಪಿಟ್ಟು ಬಂದೀರಿ. ದೇವರು ನಿಮಗ ಛಲೋ ಮಾಡ್ಲಿ. ಬಿಸಲಾಗ ಬಂದೀರಿ, ತಣ್ಣನ ನೀರು ಕೊಡ್ತೀನಿ ತಡೀರಿ." ಹೀಗೆನ್ನುತ್ತ ಆ ಚಪ್ಪಲಿ ಮೆಟ್ಟಿಕೊಂಡು ಫ್ರಿಜ್ಜಿನ ಬಾಗಿಲು ತೆರೆದರು. ಬಾಟಲಿಗೆಂದು ಒಳಗೆ ಬಗ್ಗಿದರು.

ಅವರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಅಮ್ಮಾರ, ಆ ಕಾಗದ ಸುಳ್ಳು ರೀ" ಎಂದೆ. "ನಾ ನಿಮ್ಮ ಮನಿ ನೋಡಿಲ್ಲ. ನೋಡಲಾರದ ಸಹಿ ಹಾಕೀನಿ."

ಆಕೆ ನನ್ನ ಮುಖ ನೋಡಲಿಲ್ಲ. ಫ್ರಿಜ್ಜಿನ ಬಾಗಿಲು ಹಿಡಿದಿದ್ದ ತಮ್ಮ ಕೈಯನ್ನು ನೋಡಿದರು. ಒಂದೊಂದೇ ಬೆರಳು ಬಿಡಿಸಿ ಕೈಯನ್ನು ಮೆಲ್ಲಗೆ ಎದೆಯ ಹತ್ತಿರ ಎಳೆದುಕೊಂಡರು.